ರಾಗಿಯ ಪಕ್ಕಕ್ಕೆ ಎಳ್ಳು



ಹೋದ ಆಷಾಢದಲ್ಲಿ ನಮ್ಮ ಮನೆಯ ಜೋಳ ತೀರಿಕೊಂಡ. ಜೋಳ ಒಂದು ಗಿನಿಪಿಗ್. ಮೈಬಣ್ಣ ನೋಡಿ ನನ್ನ ಮೊಮ್ಮಗಳು ಇಟ್ಟ ಹೆಸರು ಅದು. ಅವನ ಜೊತೆಗಾರ ಕಂದುಬಣ್ಣದವನು, ಅವನು ರಾಗಿ. ಇಬ್ಬರೂ ಒಂದೇ ತಾಯಿಯ ಮಕ್ಕಳು. ನಾಲ್ಕು ವರ್ಷ ಒಂದೇ ಗೂಡಿನಲ್ಲಿ, ಒಂದೇ ಹುಲ್ಲಿನ ರಾಶಿಗೆ ಎದುರುಬದುರು ಕೂತು ಮೇದವರು.

ಜೋಳ ಹೋದ ಮೇಲೆ ಮನೆಯಲ್ಲಿ ಮೊದಲು ಬದಲಾದದ್ದು ಬೆಳಗಿನ ಸದ್ದು. ಅಲ್ಲಿಯವರೆಗೆ ನಾನು ಕೊತ್ತಂಬರಿ ಸೊಪ್ಪಿಗೆಂದು ಫ್ರಿಜ್ಜಿನ ಬಾಗಿಲು ತೆಗೆದರೆ ಸಾಕು, ಇಬ್ಬರೂ ಸೀಟಿ ಊದಿದ ಹಾಗೆ ಮನೆ ತುಂಬ ಕೂಗುತ್ತಿದ್ದರು. ಮಾರನೆಯ ದಿನದಿಂದ ರಾಗಿ ಕೂಗಲಿಲ್ಲ. ಸೊಪ್ಪನ್ನು ಮೂಗಿನ ಮುಂದೆ ಹಿಡಿದರೆ ತಿನ್ನುತ್ತಿದ್ದ, ಇಲ್ಲದಿದ್ದರೆ ರಟ್ಟಿನ ಡಬ್ಬದೊಳಗೆ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದ. ಪ್ರತಿ ಭಾನುವಾರ ಅಡುಗೆಮನೆಯ ತೂಕದ ಯಂತ್ರದಲ್ಲಿ ತೂಗಿ ಬರೆದಿಡುವುದು ನಮ್ಮಲ್ಲಿ ರೂಢಿ. 1080 ಗ್ರಾಂ ಇದ್ದವನು ಮೂರು ವಾರದಲ್ಲಿ 1010ಕ್ಕೆ ಇಳಿದ. ಹಲ್ಲು, ಹೊಟ್ಟೆ, ಉಸಿರು ಎಲ್ಲ ನೋಡಿದ ಪಶುವೈದ್ಯರು ರೋಗವೇನೂ ಕಾಣುತ್ತಿಲ್ಲ ಎಂದರು. "ಒಂಟಿಯಾಗಿಬಿಟ್ಟಿದ್ದಾನೆ ಅಮ್ಮ, ಒಂದು ಜೊತೆ ನೋಡಿ" ಎಂದರು.

ಆ ಜೊತೆ ನೋಡಿದ ಕಥೆಯನ್ನೇ ಇವತ್ತು ಹೇಳಬೇಕೆಂದು ಬಂದಿದ್ದೇನೆ. ಯಾಕೆಂದರೆ ಮೈಸೂರು, ಬೆಂಗಳೂರುಗಳ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳಿಗೆಂದು ಗಿನಿಪಿಗ್ ತರುತ್ತಾರೆ. ಒಂದನ್ನೇ ತರುತ್ತಾರೆ. ಅಥವಾ ಎರಡು ತಂದು, ಒಂದು ಸತ್ತರೆ ಇನ್ನೊಂದನ್ನು ಹಾಗೇ ಬಿಡುತ್ತಾರೆ. "ಎರಡು ಗಂಡು ಒಂದು ಗೂಡಿನಲ್ಲಿ ಬಾಳುವುದಿಲ್ಲ" ಎಂಬ ಮಾತನ್ನು ನನಗೂ ಹಲವರು ಹೇಳಿದರು. ಅದು ಅರ್ಧ ನಿಜ. ಉಳಿದ ಅರ್ಧವನ್ನು ನಾನು ತಪ್ಪು ಮಾಡಿ ಕಲಿತೆ.

ಈ ಪ್ರಾಣಿ ಯಾರು ಎಂಬುದನ್ನು ಮೊದಲು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವಳಿಗೆ ಅಷ್ಟು ಹೇಳದಿದ್ದರೆ ಸಮಾಧಾನವಾಗುವುದಿಲ್ಲ. ಹೆಸರಿನಲ್ಲಿ ಗಿನಿ ಇದ್ದರೂ ಆಫ್ರಿಕದ ಗಿನಿಯಿಂದ ಬಂದದ್ದಲ್ಲ, ಪಿಗ್ ಎಂದರೂ ಹಂದಿಯಲ್ಲ. ಇಲಿ, ಅಳಿಲು, ಮುಳ್ಳುಹಂದಿಗಳ ಹಾಗೆ ದಂಶಕ. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಅದಕ್ಕೇ ದಿನವಿಡೀ ಹುಲ್ಲು ಅಗಿಯಬೇಕು. ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲು, ಅಂದರೆ ಇಂದಿನ ಪೆರು, ಬೊಲಿವಿಯಾ, ಎಕ್ವಡಾರ್. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಇವನ್ನು ಅಡುಗೆಮನೆಯಲ್ಲೇ ಸಾಕುತ್ತ ಬಂದಿದ್ದಾರೆ, ಆಹಾರಕ್ಕಾಗಿ. ಒಲೆಯ ಸುತ್ತ ನೆಲದ ಮೇಲೆ ಗುಂಪಾಗಿ ಓಡಾಡಿಕೊಂಡು, ಬಿಸಾಡಿದ ಸೊಪ್ಪು ಸಿಪ್ಪೆ ತಿಂದುಕೊಂಡು ಬದುಕುವ ಪ್ರಾಣಿ ಇದು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಹಡಗಿನಲ್ಲಿ ಯುರೋಪಿಗೆ ಬಂತು. ಅಲ್ಲಿ ಶ್ರೀಮಂತರ ಮುದ್ದಿನ ಪ್ರಾಣಿಯಾಯಿತು, ಆಮೇಲೆ ಪ್ರಯೋಗಶಾಲೆಯ ಪ್ರಾಣಿಯಾಯಿತು.

ಆ ಅಡುಗೆಮನೆಯ ನೆಲ ನಮ್ಮ ಮಾತಿಗೆ ಬಹಳ ಮುಖ್ಯ. ಕಾಡಿನಲ್ಲಿರುವ ಇದರ ದಾಯಾದಿಗಳಲ್ಲಿ ಬೆಳೆದ ಗಂಡು ಇನ್ನೊಂದು ಬೆಳೆದ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಒಂದೆರಡು ಹೆಣ್ಣು, ಒಂದು ಗಂಡು, ಅಷ್ಟೇ ಸಂಸಾರ. ಮನುಷ್ಯರ ಒಲೆಯ ಪಕ್ಕ ಇಕ್ಕಟ್ಟಿನಲ್ಲಿ ತಲೆಮಾರುಗಟ್ಟಲೆ ಬದುಕಿದ ಗಿನಿಪಿಗ್‌ಗಳಲ್ಲಿ ಆ ಉಗ್ರತೆ ತಗ್ಗಿತು, ಸದ್ದು ಸನ್ನೆಗಳು ಹೆಚ್ಚಿದವು. ಕಚ್ಚುವುದಕ್ಕೆ ಮುಂಚೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವ ಒಂದು ದೊಡ್ಡ ಭಾಷೆಯೇ ಅವಕ್ಕೆ ಬಂತು. ಆದರೆ ಆ ಭಾಷೆಯನ್ನು ಸರಿಯಾದ ವಯಸ್ಸಿನಲ್ಲಿ ಕಲಿಯಬೇಕು.

ಜರ್ಮನಿಯ ನೋರ್ಬರ್ಟ್ ಸಾಕ್ಸರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಗಿನಿಪಿಗ್‌ಗಳ ಗುಂಪುಗಳನ್ನು ಕೂತು ನೋಡಿದವರು. ಅವರ ಒಂದು ಪ್ರಯೋಗ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಕೆಲವು ಗಂಡುಮರಿಗಳನ್ನು ದೊಡ್ಡ ಗುಂಪಿನಲ್ಲಿ, ಹಿರಿಯ ಗಂಡುಗಳ ನಡುವೆ ಬೆಳೆಯಲು ಬಿಟ್ಟರು. ಇನ್ನು ಕೆಲವನ್ನು ಒಂಟಿಯಾಗಿ, ಅಥವಾ ಒಂದೇ ಒಂದು ಹೆಣ್ಣಿನ ಜೊತೆ ಬೆಳೆಸಿದರು. ಬೆಳೆದ ಮೇಲೆ ಅಪರಿಚಿತ ಗಂಡುಗಳ ಎದುರು ಬಿಟ್ಟರು. ಗುಂಪಿನಲ್ಲಿ ಬೆಳೆದವು ಸುತ್ತ ನೋಡಿದವು, ಮೂಸಿದವು, ಅಲ್ಲಿನ ಯಜಮಾನನಿಗೆ ದಾರಿ ಬಿಟ್ಟು ತಮ್ಮ ಪಾಡಿಗೆ ನೆಲೆಯಾದವು. ಒಂಟಿಯಾಗಿ ಬೆಳೆದವು ಹೊಡೆದಾಡಿದವು. ತೂಕ ಇಳಿಯಿತು. ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿತು. ಎರಡೂ ಒಂದೇ ಜಾತಿ, ಒಂದೇ ರಕ್ತ. ಇದ್ದ ವ್ಯತ್ಯಾಸ ಒಂದೇ: ಮೀಸೆ ಮೂಡುವ ವಯಸ್ಸಿನಲ್ಲಿ ಹಿರಿಯ ಗಂಡೊಬ್ಬನ ಹತ್ತಿರ ಬೈಸಿಕೊಂಡು, ಅಟ್ಟಿಸಿಕೊಂಡು, ತಗ್ಗಿ ನಡೆದು ಕಲಿತಿದ್ದವೋ ಇಲ್ಲವೋ ಎಂಬುದು.

ಈ ಪ್ರಯೋಗವನ್ನು ನಾನು ಓದಿದ್ದೆ. ಓದಿದ್ದೂ ತಪ್ಪು ಮಾಡಿದೆ.

ಶ್ರಾವಣದಲ್ಲಿ ಪರಿಚಿತರೊಬ್ಬರು ಊರು ಬಿಟ್ಟು ಹೊರಟಿದ್ದರು, ತಮ್ಮ ಎರಡು ವರ್ಷದ ಗಂಡು ಗಿನಿಪಿಗ್ಗನ್ನು ಕೊಡುತ್ತೇವೆ ಎಂದರು. ಮರಿಯಿಂದ ಒಬ್ಬನೇ ಬೆಳೆದವನು. ತುಂಬಾ ಸಾಧು ಎಂದರು, ಮನುಷ್ಯರ ಕೈಯಲ್ಲಿ ನಿಜವಾಗಿಯೂ ಸಾಧುವೇ. ರಾಗಿಯ ಒಂಟಿತನ ನೋಡಲಾರದೆ ಆ ಸಂಜೆಯೇ ಅವನನ್ನು ನೇರವಾಗಿ ರಾಗಿಯ ಗೂಡಿಗೆ ಬಿಟ್ಟೆ. ರಾಗಿಯ ವಾಸನೆ ತುಂಬಿದ ಗೂಡು, ಒಂದೇ ಬಾಗಿಲಿನ ಒಂದು ಡಬ್ಬ, ಒಂದು ನೀರಿನ ಬಾಟಲಿ. ಎರಡು ನಿಮಿಷವೂ ಆಗಿರಲಿಲ್ಲ, ಇಬ್ಬರ ಕುತ್ತಿಗೆಯ ಕೂದಲೂ ನೆಟ್ಟಗಾಯಿತು, ಹಲ್ಲು ಕಟಕಟಿಸುವ ಸದ್ದು ಬಂತು. ಆ ಸದ್ದಿನ ಅರ್ಥ ತಿಳಿದಿದ್ದೂ ನಾನು ಇನ್ನೊಂದು ಕ್ಷಣ ನೋಡೋಣ ಎಂದು ನಿಂತೆ. ಆಮೇಲೆ ಕಂಡದ್ದು ಒಂದು ಉರುಳುವ ಚೆಂಡು. ಕೈ ಹಾಕಿ ಬಿಡಿಸಿದೆ. ನನ್ನ ಹೆಬ್ಬೆರಳಿಗೆ ಎಲುಬು ಮುಟ್ಟುವಷ್ಟು ಗಾಯವಾಯಿತು. ರಾಗಿಯ ಎಡಗಿವಿ ಸೀಳಿತ್ತು, ಬಂದವನ ತೊಡೆಯಲ್ಲಿ ಎರಡು ಹಲ್ಲಿನ ಗುರುತು.

ಆ ರಾತ್ರಿಯ ಒಂದು ಸಂಗತಿಯನ್ನು ಗಿನಿಪಿಗ್ ಸಾಕುವವರೆಲ್ಲ ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಗಾಯ ಕೀವಾಗದಿರಲಿ ಎಂದು ಮನೆಯವರು ಔಷಧಿ ಅಂಗಡಿಗೆ ಹೋದರೆ, ಅಲ್ಲಿದ್ದವರು ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ಪನ್ನೇ ಎರಡು ಹನಿ ಕೊಡಿ ಎಂದು ಕೊಟ್ಟು ಕಳಿಸಿದರು. ಕೊಡುವ ಮುನ್ನ ಪಶುವೈದ್ಯರಿಗೆ ಫೋನ್ ಮಾಡಿದ್ದರಿಂದ ಇಬ್ಬರೂ ಉಳಿದರು. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಯ ಮೂಲಕ ಹೋದರೆ ಗಿನಿಪಿಗ್‌ನ ಕರುಳಿನಲ್ಲಿ ಹುಲ್ಲು ಜೀರ್ಣಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾಗುತ್ತವೆ, ಕೆಟ್ಟವು ವಿಷ ಉಗುಳುತ್ತವೆ. ಕೆಲವೇ ದಿನಗಳಲ್ಲಿ ಪ್ರಾಣಿ ಸಾಯುತ್ತದೆ. ನಮಗೆ ಅಮೃತವಾದದ್ದು ಅವಕ್ಕೆ ವಿಷ. ಗಾಯವಾದರೆ ಉಪ್ಪುನೀರಿನಲ್ಲಿ ತೊಳೆದು, ಈ ಪ್ರಾಣಿಯನ್ನು ಬಲ್ಲ ವೈದ್ಯರ ಹತ್ತಿರ ಹೋಗಿ.

ಬಂದಿದ್ದವನು ಗಾಯ ಮಾಗಿದ ಮೇಲೆ ಬೇರೆ ಮನೆ ಸೇರಿದ. ಅವನದು ಏನೂ ತಪ್ಪಿರಲಿಲ್ಲ. ಇನ್ನೊಬ್ಬ ಗಂಡಿನ ಜೊತೆ ಹೇಗಿರಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಳ್ಳು ಬಂದದ್ದು ಗಣೇಶನ ಹಬ್ಬ ಕಳೆದ ವಾರ. ದೇವರಾಜ ಮಾರುಕಟ್ಟೆಯಲ್ಲಿ ಗರಿಕೆಯ ಕಟ್ಟುಗಳು ಇನ್ನೂ ಧಾರಾಳವಾಗಿ ಸಿಗುತ್ತಿದ್ದ ಕಾಲ. ಆರು ವಾರದ ಮರಿ, ಕರಿ ಎಳ್ಳಿನ ಬಣ್ಣ, ಮೂಗಿನ ಮೇಲೆ ಒಂದು ಬಿಳಿ ಗೆರೆ. ತಾಯಿಯ ಹತ್ತಿರ ಮೂರು ವಾರ ಇದ್ದು, ಆಮೇಲೆ ಅಪ್ಪ ಮತ್ತು ಅಣ್ಣಂದಿರ ಗುಂಪಿನಲ್ಲಿ ಇದ್ದವನು ಎಂಬುದನ್ನು ಕೇಳಿ ತಿಳಿದೇ ತಂದೆವು. ತಂದ ಕೂಡಲೇ ವೈದ್ಯರಿಗೆ ತೋರಿಸಿ ಗಂಡೇ ಎಂದು ಖಚಿತ ಮಾಡಿಕೊಂಡೆವು. ಮಾರುವವರ ಮಾತು ನಂಬಿ ಗಂಡೆಂದುಕೊಂಡ ಮರಿ ಹೆಣ್ಣಾಗಿರುವುದು ಅಪರೂಪವಲ್ಲ. ತಿಂಗಳೊಪ್ಪತ್ತಿನ ಹೆಣ್ಣುಮರಿಗೂ ಗರ್ಭ ನಿಲ್ಲುತ್ತದೆ, ಎರಡು ತಿಂಗಳು ಚಿಲ್ಲರೆಯಲ್ಲಿ ಮರಿಗಳಾಗುತ್ತವೆ, ಅವು ಕಣ್ಣು ತೆರೆದು, ಮೈತುಂಬ ಕೂದಲು ಹೊತ್ತುಕೊಂಡೇ ಹುಟ್ಟುತ್ತವೆ. ಬೇಡವೆಂದವರ ಮನೆಯಲ್ಲಿ ಹೀಗೆ ಹುಟ್ಟಿದ ಮರಿಗಳ ಗತಿ ಏನಾಗುತ್ತದೆಂದು ನಾನು ನೋಡಿದ್ದೇನೆ.

ಮೂರು ವಾರ ಎಳ್ಳು ಮೇಲಿನ ಮಹಡಿಯ ಕೋಣೆಯಲ್ಲಿ ಬೇರೆಯಾಗಿದ್ದ. ಹೊಸದಾಗಿ ಬಂದ ಪ್ರಾಣಿಯ ಮೈಯಲ್ಲಿ ಕಜ್ಜಿಯ ಹುಳ ಇರಬಹುದು, ಹುಳುಕಡ್ಡಿ ಇರಬಹುದು, ಎದೆಯಲ್ಲಿ ಸೋಂಕು ಇರಬಹುದು. ಒಂದೆರಡು ವಾರ ಅದು ಹೊರಗೆ ಕಾಣುವುದಿಲ್ಲ. ಮರಿಯನ್ನು ಒಂಟಿಯಾಗಿಡುವುದು ಕಷ್ಟವೇ ಆಯಿತು. ಮೊಮ್ಮಗಳು ಶಾಲೆಯಿಂದ ಬಂದವಳೇ ಅವನ ಪಕ್ಕ ಕೂತು ಪಾಠ ಓದುತ್ತಿದ್ದಳು. ಅವನನ್ನು ಮುಟ್ಟಿದ ಮೇಲೆ ಕೈ ತೊಳೆದು, ಬಟ್ಟೆ ಬದಲಿಸಿಯೇ ರಾಗಿಯ ಹತ್ತಿರ ಬರಬೇಕು ಎಂಬ ನಿಯಮವನ್ನು ನನಗಿಂತ ಅವಳೇ ಬಿಗಿಯಾಗಿ ನಡೆಸಿದಳು. ಇಬ್ಬರಿಗೂ ದಿನಾ ದಪ್ಪ ಮೆಣಸಿನಕಾಯಿಯ ಚೂರು ತಪ್ಪಿಸಲಿಲ್ಲ. ನಮ್ಮ ಹಾಗೆಯೇ ಗಿನಿಪಿಗ್‌ಗೂ ಮೈಯಲ್ಲಿ ಸಿ ಜೀವಸತ್ವ ತಯಾರಾಗುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಶ್ ಎಂಬಿಬ್ಬರು ಸ್ಕರ್ವಿ ರೋಗವನ್ನು ಪ್ರಾಣಿಗಳಲ್ಲಿ ಮೊದಲು ಕಂಡದ್ದೇ ಗಿನಿಪಿಗ್‌ಗಳಲ್ಲಿ. ಆ ಜೀವಸತ್ವ ಕಡಿಮೆಯಾದರೆ ಕೀಲು ನೋಯುತ್ತದೆ, ವಸಡು ನೋಯುತ್ತದೆ. ಮೈ ನೋಯುವವನ ಪಕ್ಕಕ್ಕೆ ತುಂಟ ಮರಿಯೊಂದನ್ನು ಬಿಡುವುದು ನ್ಯಾಯವಲ್ಲ.

ಮೂರು ವಾರವಾದ ಮೇಲೂ ದಸರೆಯ ಗದ್ದಲ ಮುಗಿಯಲಿ ಎಂದು ಕಾದೆವು. ವಿಜಯದಶಮಿ ಕಳೆದ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಕೂಡಿಸುವುದೆಂದಾಯಿತು. ಬಿಸಿಲು ಏರಿದ ಹೊತ್ತಿನಲ್ಲಿ ಈ ಕೆಲಸ ಬೇಡ. ಇದು ಬೆಟ್ಟದ ತಂಪಿನ ಪ್ರಾಣಿ, ಬೆವರುವುದಿಲ್ಲ. ಬೇಸಿಗೆಯಲ್ಲಿ ಅಟ್ಟಾಡಿದರೆ ಜಗಳಕ್ಕಿಂತ ಮೊದಲು ಸೆಕೆಯೇ ಕೊಂದೀತು.

ನಡುಮನೆಯಲ್ಲಿ, ರಾಗಿ ಎಂದೂ ಕಾಲಿಡದ ಜಾಗದಲ್ಲಿ, ಒಗೆದ ಜಮಖಾನೆ ಹಾಸಿದೆ. ಇಬ್ಬರಲ್ಲಿ ಯಾರ ವಾಸನೆಯೂ ಇಲ್ಲದ ನೆಲವಾಗಬೇಕು ಅದು. ಒಣಹುಲ್ಲನ್ನು ನಾಲ್ಕು ಕಡೆ ರಾಶಿ ಹಾಕಿದೆ. ಎರಡು ಹೊಸ ರಟ್ಟಿನ ಡಬ್ಬಗಳಿಗೆ ಆ ಕಡೆ ಈ ಕಡೆ ಬಾಗಿಲು ಕೊಯ್ದು ಇಟ್ಟೆ. ಒಂದೇ ಬಾಗಿಲಿನ ಡಬ್ಬದಲ್ಲಿ ಸಿಕ್ಕಿಬಿದ್ದವನಿಗೆ ಕಚ್ಚುವುದನ್ನು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಶ್ರಾವಣದಲ್ಲಿ ಆದದ್ದು ಅದೇ. ನನ್ನ ಪಕ್ಕದಲ್ಲಿ ಒಂದು ದಪ್ಪ ಟವೆಲ್ಲು, ಒಂದು ಕಸದ ಮೊರ. ಜಗಳವೇ ಆದರೆ ಟವೆಲ್ಲು ಹೊದಿಸಿ, ನಡುವೆ ಮೊರ ತೂರಿಸಬೇಕು. ಕೈ ಹಾಕಬಾರದು. ಮೊಮ್ಮಗಳು ನನ್ನ ಬೆನ್ನಿಗೆ ಒರಗಿ ಕೂತಳು. ಮೊದಲು ಎಳ್ಳುವನ್ನು, ಆಮೇಲೆ ರಾಗಿಯನ್ನು ಬಿಟ್ಟೆವು.

ಮೂಗಿಗೆ ಮೂಗು ಮುಟ್ಟಿತು. ಆಮೇಲೆ ರಾಗಿ ಅವನ ಹಿಂದಕ್ಕೆ ಬಂದು ಮೂಸಿದ. ಮೂರು ತಿಂಗಳಿನಿಂದ ಕೇಳದ ಸದ್ದೊಂದು ಅವನ ಹೊಟ್ಟೆಯೊಳಗಿಂದ ಎದ್ದಿತು: ಮೇಜಿನ ಮೇಲಿಟ್ಟ ಮೊಬೈಲು ನಡುಗಿದ ಹಾಗೆ, ಡರ್ರ್ ಎಂದು. ಆ ಸದ್ದಿನೊಂದಿಗೆ ಸೊಂಟವನ್ನು ಆ ಕಡೆ ಈ ಕಡೆ ತೂಗುತ್ತ, ಒಂದೊಂದೇ ಹೆಜ್ಜೆ ಇಡುತ್ತ, ಮರಿಯ ಸುತ್ತ ಒಂದು ಸುತ್ತು ಬಂದ. ಹೊಸಬರು ನೋಡಿದರೆ ಹೆದರುವ ನಡಿಗೆ ಅದು. "ನಾನಿಲ್ಲಿ ದೊಡ್ಡವನು" ಎಂದು ಹೇಳುವ ರೀತಿ, ಅಷ್ಟೇ. ಆಮೇಲೆ ಅವನ ಬೆನ್ನೇರಿದ. ಎಳ್ಳು ಕಿರುಚಿ ಓಡಿದ, ರಾಗಿ ಅಟ್ಟಿಸಿಕೊಂಡು ಹೋದ, ಡಬ್ಬದ ಈ ಬಾಗಿಲಿನಿಂದ ನುಗ್ಗಿ ಆ ಬಾಗಿಲಿನಿಂದ ಇಬ್ಬರೂ ಹೊರಬಂದರು, ಮತ್ತೆ ಬೆನ್ನೇರಿದ, ಮತ್ತೆ ಕಿರುಚಿದ.

"ಬಿಡ್ಸು ಅಜ್ಜಿ, ಪಾಪ, ಅಳ್ತಿದಾನೆ!" ಎಂದಳು ಮೊಮ್ಮಗಳು.

"ರಕ್ತ ಬಂತೇನೆ ಪುಟ್ಟಿ?"

"ಇಲ್ಲ."

"ರಾಗಿ ಹಲ್ಲು ಕಡೀತಿದಾನಾ? ಕಿವಿ ಕೊಟ್ಟು ಕೇಳು."

ಕೇಳಿದಳು. "ಇಲ್ಲ. ಡರ್ರ್ ಅಂತಿದಾನೆ ಅಷ್ಟೆ."

"ಹಾಗಾದ್ರೆ ಅಳ್ತಿಲ್ಲ ಕಣೆ, ಒಪ್ಕೊಂಡೆ ಅಂತ ಹೇಳ್ತಿದಾನೆ. ಕೂತ್ಕೋ."

ಹೇಳಿದೆನಾದರೂ ನನ್ನ ಕೈ ಟವೆಲ್ಲಿನ ಮೇಲೇ ಇತ್ತು. ಕೇಳುಗರೇ, ಈ ಇಡೀ ಕೆಲಸದಲ್ಲಿ ಅತಿ ಕಷ್ಟವಾದದ್ದು ಇದು, ಕೂತಿರುವುದು. ಮರಿಯ ಕಿರುಚಾಟ ಕರುಳು ಹಿಂಡುತ್ತದೆ. ಆದರೆ ಆ ಕಿರುಚಾಟವೇ ಅದರ ರಕ್ಷೆ. "ನಾನು ಚಿಕ್ಕವನು, ನಿನ್ನ ಜಾಗ ನನಗೆ ಬೇಡ" ಎಂದು ಅದು ಹೇಳಿದಷ್ಟು ಸಲವೂ ಹಿರಿಯವನ ಬಿಗಿ ಒಂದಿಷ್ಟು ಸಡಿಲವಾಗುತ್ತದೆ. ಬೆಳೆದ ಗಂಡಿಗೆ ಬೆಳೆದ ಗಂಡನ್ನು ಜೊತೆ ಮಾಡುವುದಕ್ಕಿಂತ ಮರಿಯನ್ನು ಜೊತೆ ಮಾಡುವುದು ಸುಲಭವಾಗುವುದು ಇದೇ ಕಾರಣಕ್ಕೆ. ಯಾರು ದೊಡ್ಡವರೆಂಬ ಪ್ರಶ್ನೆಗೆ ಮರಿಯ ಮೈತೂಕವೇ ಉತ್ತರ ಹೇಳಿಬಿಟ್ಟಿರುತ್ತದೆ. ನಾವು ನಡುವೆ ಬಂದು ಎತ್ತಿಕೊಂಡರೆ ಆ ಮಾತು ಅರ್ಧಕ್ಕೆ ನಿಂತು, ಮುಂದಿನ ಸಲ ಮೊದಲಿನಿಂದ ಶುರುವಾಗಬೇಕು. ಸಂಜೆಗೆ ಬೇರೆ ಮಾಡಿ, ಬೆಳಗ್ಗೆ ಕೂಡಿಸಿ, ಮತ್ತೆ ಬೇರೆ ಮಾಡುವವರು ತಮಗೆ ಗೊತ್ತಿಲ್ಲದೆಯೇ ಒಂದು ಸಣ್ಣ ವ್ಯಾಜ್ಯವನ್ನು ವಾರಗಟ್ಟಲೆ ಎಳೆಯುತ್ತಾರೆ.

ಹಾಗೆಂದು ಎಲ್ಲವನ್ನೂ ಸಹಿಸಿ ಕೂರಬೇಕೆಂದಲ್ಲ. ಡರ್ರ್ ಎನ್ನುವುದು, ಸೊಂಟ ತೂಗುವುದು, ಬೆನ್ನೇರುವುದು, ಅಟ್ಟುವುದು, ಹಿಂಭಾಗವನ್ನು ನೆಲಕ್ಕೆ ಒರೆಸಿ ವಾಸನೆ ಹಾಕುವುದು, ಮೂತಿಯಿಂದ ತಳ್ಳುವುದು, ಇದೆಲ್ಲ ಮಾತುಕತೆ. ಹಲ್ಲು ಕಟಕಟ ಎನ್ನತೊಡಗಿದರೆ ಅದು ಎಚ್ಚರಿಕೆ. ಟವೆಲ್ಲು ಕೈಗೆ ತೆಗೆದುಕೊಳ್ಳಬೇಕು. ಬಾಯಿ ಅಗಲಿಸಿ ಹಲ್ಲು ತೋರಿಸುವುದನ್ನು ಆಕಳಿಕೆ ಎಂದು ತಿಳಿದು ಮೋಸಹೋಗಬೇಡಿ. ಇಬ್ಬರೂ ಎದುರುಬದುರು ನಿಂತು, ಕುತ್ತಿಗೆಯ ಕೂದಲು ನಿಮಿರಿಸಿ, ಇಬ್ಬರಲ್ಲಿ ಒಬ್ಬನೂ ಮುಖ ತಿರುಗಿಸದೆ ಹಲ್ಲು ಕಡಿಯುತ್ತಿದ್ದರೆ ಇನ್ನು ಕಾಯಬಾರದು. ಶ್ರಾವಣದಲ್ಲಿ ನಾನು ಕಾದ ಆ ಒಂದು ಕ್ಷಣ ಅದೇ. ರಕ್ತ ಬಂದಮೇಲಂತೂ ಮಾತು ಮುಗಿಯಿತು. ಆ ಇಬ್ಬರನ್ನು ಮತ್ತೆ ಒಂದೇ ಗೂಡಿಗೆ ಬಿಡುವ ಆಸೆಯನ್ನು ಕೈಬಿಡುವುದೇ ಒಳ್ಳೆಯದು.

ಆ ಭಾನುವಾರ ನಲವತ್ತು ನಿಮಿಷ ಹೀಗೇ ನಡೆಯಿತು. ಆಮೇಲೆ ರಾಗಿಗೆ ಹಸಿವಾಯಿತು. ಹುಲ್ಲಿನ ರಾಶಿಯ ಮುಂದೆ ಕೂತ. ಎಳ್ಳು ದೂರದಲ್ಲಿ ನಿಂತು ನೋಡಿದ, ಹತ್ತಿರ ಬಂದ, ಇನ್ನಷ್ಟು ಹತ್ತಿರ ಬಂದ, ರಾಗಿಯ ಬಾಯಿಂದ ಇಳಿಬಿದ್ದಿದ್ದ ಹುಲ್ಲಿನ ಎಸಳಿನ ಇನ್ನೊಂದು ತುದಿಯನ್ನು ಕಚ್ಚಿ ಎಳೆದುಕೊಂಡ. ರಾಗಿ ಬಿಟ್ಟುಕೊಟ್ಟ. ಪಕ್ಕದಲ್ಲಿ ಅಷ್ಟು ದೊಡ್ಡ ರಾಶಿಯಿದ್ದರೂ ಹಿರಿಯವನ ಬಾಯಲ್ಲಿರುವುದೇ ಮರಿಗೆ ಬೇಕು. ತಿನ್ನಬಹುದಾದದ್ದು ಯಾವುದು ಎಂದು ಮರಿಗಳು ತಿಳಿದುಕೊಳ್ಳುವುದೇ ಹೀಗೆ.

ಅವರು ಜಮಖಾನೆಯ ಮೇಲಿದ್ದಾಗಲೇ ಮಗಳು ಗೂಡನ್ನು ಪೂರ್ತಿ ಖಾಲಿ ಮಾಡಿ, ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ತೊಳೆದು ಒಣಗಿಸಿದಳು. ಆರಡಿ ಉದ್ದ, ಎರಡಡಿ ಅಗಲದ ಗೂಡು ನಮ್ಮದು. ಎರಡು ಗಂಡುಗಳಿಗೆ ಅದಕ್ಕಿಂತ ಕಡಿಮೆ ಜಾಗ ಕೊಡುವುದು ಜಗಳಕ್ಕೆ ಎಡೆಮಾಡಿಕೊಟ್ಟಂತೆ. ಹಳೆಯ ಡಬ್ಬ, ಹಳೆಯ ಹಾಸು ಯಾವುದೂ ಮತ್ತೆ ಬೇಡ. ನೀರಿನ ಬಾಟಲಿ ಎರಡು, ಒಂದು ಆ ತುದಿಗೆ, ಒಂದು ಈ ತುದಿಗೆ. ಬಟ್ಟಲು ಎರಡು, ಡಬ್ಬ ಎರಡು, ಹುಲ್ಲಿನ ರಾಶಿ ಎರಡು. ರಾಗಿಗೇ ಇದು ಹೊಸ ಮನೆಯಂತೆ ಕಾಣಬೇಕು. ಮಧ್ಯಾಹ್ನ ಎರಡರ ಹೊತ್ತಿಗೆ, ಇಬ್ಬರೂ ಜಮಖಾನೆಯ ಮೇಲೆ ಒಂದು ಮೊಳ ದೂರದಲ್ಲಿ ಮಲಗಿದ್ದಾಗ, ಒಟ್ಟಿಗೇ ಎತ್ತಿ ಗೂಡಿಗೆ ಬಿಟ್ಟೆವು. ಮತ್ತೆ ಹತ್ತು ನಿಮಿಷ ಅಟ್ಟಾಟವಾಯಿತು. ಆ ರಾತ್ರಿ ನಾನು ನಡುಮನೆಯಲ್ಲೇ ಚಾಪೆ ಹಾಸಿಕೊಂಡೆ. ಎರಡು ಸಲ ಎಳ್ಳು ಕಿರುಚಿದ್ದು ಕೇಳಿಸಿತು, ಎರಡು ಸಲವೂ ಎದ್ದು ಟಾರ್ಚ್ ಹಾಕಿ ನೋಡಿದೆ. ಮೂರನೆಯ ಸಲ ಎಚ್ಚರವಾದದ್ದು ಬೆಳಗ್ಗೆ, ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲ ಸದ್ದಾದಾಗ. ರಾಗಿ ಕೂಗುತ್ತಿದ್ದ.

ಇಪ್ಪತ್ತು ದಿನಕ್ಕೆ ದೀಪಾವಳಿ ಬಂತು. ಬೀದಿಯಲ್ಲಿ ಪಟಾಕಿ ಸರ ಹೊತ್ತಿಕೊಂಡಾಗ ಎಳ್ಳು ಗೂಡಿನ ಉದ್ದಕ್ಕೂ ಹುಚ್ಚನಂತೆ ಓಡಿ, ಕೊನೆಗೆ ರಾಗಿ ಕೂತಿದ್ದ ಡಬ್ಬಕ್ಕೇ ನುಗ್ಗಿ, ಅವನ ಹೊಟ್ಟೆಯ ಕೆಳಗೆ ತಲೆ ತೂರಿಸಿದ. ಅದುವರೆಗೆ ಆ ಡಬ್ಬಕ್ಕೆ ಅವನನ್ನು ಸೇರಿಸದವನು ಅವತ್ತು ಸುಮ್ಮನೆ ಒಂದಿಷ್ಟು ಸರಿದು ಕೂತ. ನಾನು ಗೂಡಿನ ಮೇಲೆ ಕಂಬಳಿ ಹೊದಿಸಿದೆ. ಆ ತಿಂಗಳ ಕೊನೆಯ ಭಾನುವಾರ ರಾಗಿ 1060 ಗ್ರಾಂ ತೂಗಿದ.

ಇಲ್ಲಿಗೆ ಕಥೆ ಮುಗಿಯಿತೆಂದು ನೀವು ಅಂದುಕೊಂಡರೆ, ಬಹಳ ಜನ ಅಂದುಕೊಳ್ಳುವುದು ಹಾಗೆಯೇ. ಮರಿಯಾಗಿದ್ದಾಗ ಚೆನ್ನಾಗಿದ್ದರು, ನಾಲ್ಕೈದು ತಿಂಗಳಾದ ಮೇಲೆ ಕೆಟ್ಟರು ಎಂದು ಗಾಬರಿಯಾಗಿ ಬೇರೆ ಮಾಡಿಬಿಡುತ್ತಾರೆ. ಕೆಟ್ಟಿರುವುದಿಲ್ಲ. ಮರಿ ಹರೆಯಕ್ಕೆ ಬಂದಿರುತ್ತದೆ. ಮೂರನೆಯ ತಿಂಗಳಿನಿಂದ ಸುಮಾರು ಒಂದು ವರ್ಷದವರೆಗೂ ಮೈಯಲ್ಲಿ ಹಾರ್ಮೋನುಗಳು ಉಕ್ಕುತ್ತಿರುತ್ತವೆ. ಒಮ್ಮೆ ಒಪ್ಪಿಕೊಂಡ ಹಿರಿತನವನ್ನು ಮತ್ತೆ ಪ್ರಶ್ನಿಸುವ ಕಾಲ ಇದು. ಸಾಕ್ಸರ್ ಅವರ ಗುಂಪುಗಳಲ್ಲೂ ಎಳೆಯ ಗಂಡುಗಳು ಹಿರಿಯರ ಹತ್ತಿರ ಸೋಲುತ್ತ, ಕಲಿಯುತ್ತ ಬೆಳೆದದ್ದು ಈ ವಯಸ್ಸಿನಲ್ಲೇ. ಇಲ್ಲಿ ಬೇರೆ ಮಾಡಿದರೆ ಎರಡೂ ಜೀವಗಳ ನಷ್ಟ: ಹಿರಿಯವನು ಮತ್ತೆ ಒಂಟಿ, ಎಳೆಯವನು ಕಲಿಯದೆ ಉಳಿದ, ಮುಂದೆ ಯಾರ ಜೊತೆಗೂ ಬಾಳಲಾರದ ಇನ್ನೊಬ್ಬ ಒಂಟಿ.

ನಮ್ಮ ಮನೆಯಲ್ಲಿ ಅದು ಬಂದದ್ದು ಸರಿಯಾಗಿ ಸಂಕ್ರಾಂತಿಗೆ. ಎಳ್ಳುವಿನ ತೂಕ 800 ಗ್ರಾಂ ದಾಟಿತ್ತು. ಡರ್ರ್ ಎಂದು ಸೊಂಟ ತೂಗುವವನು ಈಗ ಅವನು. ರಾಗಿ ಮಲಗಿದ್ದಲ್ಲಿಗೆ ಹೋಗಿ ಬೆನ್ನೇರುತ್ತಿದ್ದ, ಬಟ್ಟಲಿನಿಂದ ತಳ್ಳುತ್ತಿದ್ದ. ಮೊಮ್ಮಗಳು ಹೊಸ ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳು ಬೆಲ್ಲ ಹಿಡಿದು ಬೀದಿಯ ಮನೆಗಳಿಗೆ ಹೊರಟಿದ್ದವಳು ಗೂಡಿನ ಮುಂದೆ ನಿಂತಳು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು, ಗಲ್ಲ ಮೇಲೆತ್ತಿ ನಿಂತಿದ್ದರು. ಯಾರ ಮೂತಿ ಮೇಲೆ ಎಂಬ ಪಂದ್ಯ ಅದು. ಎಳ್ಳುವಿನ ಹಲ್ಲು ಕಟಕಟ ಎನ್ನುತ್ತಿತ್ತು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡ್ಬೇಕು ಕಣೋ" ಎಂದು ಅವಳು ಅವನಿಗೆ ಹೇಳಿದಳು. ಧ್ವನಿ ನಡುಗುತ್ತಿತ್ತು.

ಮೊರ ಕೈಗೆ ತೆಗೆದುಕೊಂಡೆ. ತೂರಿಸಲಿಲ್ಲ. ಕೇಳಿಸಿದ್ದು ಒಬ್ಬನ ಹಲ್ಲು ಮಾತ್ರ. ರಾಗಿಯ ಕುತ್ತಿಗೆಯ ಕೂದಲು ಎದ್ದಿರಲಿಲ್ಲ. ಅವನು ಗಲ್ಲವನ್ನು ಇನ್ನೊಂದಿಷ್ಟು ಮೇಲೆತ್ತಿದ, ಹಾಗೇ ನಿಂತ. ಎಷ್ಟು ಹೊತ್ತೋ ಗೊತ್ತಿಲ್ಲ, ನನಗೆ ಬಹಳ ಹೊತ್ತೆನಿಸಿತು. ಆಮೇಲೆ ಎಳ್ಳುವಿನ ತಲೆ ಒಂದು ಬೆರಳಿನಷ್ಟು ಕೆಳಗೆ ಬಂತು. ರಾಗಿ ತಿರುಗಿ ಹುಲ್ಲಿನ ಹತ್ತಿರ ಹೋದ.

ಆವತ್ತೇ ನಾವು ಗೂಡಿನ ಪಕ್ಕಕ್ಕೆ ಇನ್ನೊಂದು ಎರಡಡಿ ಜೋಡಿಸಿದೆವು. ಹುಲ್ಲಿನ ರಾಶಿ ಎರಡಿದ್ದದ್ದು ಮೂರಾಯಿತು. ಇಬ್ಬರ ತೂಕವನ್ನೂ ವಾರಕ್ಕೆರಡು ಸಲ ನೋಡತೊಡಗಿದೆವು, ಏಕೆಂದರೆ ಹಿರಿಯವನು ಸೋಲುತ್ತಿದ್ದರೆ, ತಿನ್ನಲು ಬಿಡುತ್ತಿಲ್ಲವಾದರೆ, ಅದು ಮೊದಲು ಕಾಣುವುದು ತಕ್ಕಡಿಯಲ್ಲಿ. ರಾಗಿಯ ಸೊಂಟಕ್ಕೆ ವಯಸ್ಸಾಗುತ್ತಿದೆ, ಅವನು ನೆಮ್ಮದಿಯಾಗಿ ಮಲಗಲಿ ಎಂದು ದಿನಕ್ಕೆ ಒಂದು ಗಂಟೆ ಎಳ್ಳುವನ್ನು ನಡುಮನೆಯಲ್ಲಿ ಓಡಾಡಲು ಬಿಡುತ್ತೇವೆ. ಅಲ್ಲಿ ಅವನು ಹುರಿದ ಜೋಳ ಸಿಡಿದ ಹಾಗೆ ನಾಲ್ಕೂ ಕಾಲು ಎತ್ತಿ ನೆಗೆಯುತ್ತಾನೆ. ಗಿನಿಪಿಗ್ ಸಂತೋಷವಾದಾಗ ಹಾಗೆಯೇ.

ಮೂರನೆಯವನನ್ನು ತರಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇಬ್ಬರು ಗಂಡುಗಳ ನಡುವೆ ನಿಲ್ಲುವ ಒಪ್ಪಂದ ಮೂವರ ನಡುವೆ ನಿಲ್ಲುವುದು ಕಷ್ಟ. ಅದೇ ಕೋಣೆಯಲ್ಲಿ ಹೆಣ್ಣನ್ನು ಇಡಲೂಬಾರದು, ವಾಸನೆಯೇ ಸಾಕು ಒಳ್ಳೆಯ ಜೊತೆ ಮುರಿಯಲು. ಎಷ್ಟು ಮಾಡಿದರೂ ಕೂಡದ ಜೊತೆಗಳಿವೆ. ಅಂಥವರಿಗೆ ಗೂಡಿನ ನಡುವೆ ಒಂದು ತಂತಿ ಜಾಲರಿ ಕಟ್ಟಿ. ಆ ಕಡೆ ಒಬ್ಬ, ಈ ಕಡೆ ಒಬ್ಬ, ಒಬ್ಬರ ವಾಸನೆ ಒಬ್ಬರಿಗೆ, ಒಬ್ಬರ ದನಿ ಒಬ್ಬರಿಗೆ. ಜಾಲರಿಗೆ ಒತ್ತಿಕೊಂಡು ಅಕ್ಕಪಕ್ಕ ಮಲಗುವ ಅಂಥ ನೆರೆಯವರನ್ನು ನೋಡಿದ್ದೇನೆ, ಅದನ್ನು ಸೋಲೆಂದು ನಾನು ಕರೆಯುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವುದನ್ನು ಕಾನೂನೇ ನಿಷೇಧಿಸಿದೆ. ಜೊತೆ ಸತ್ತ ಮುದಿ ಪ್ರಾಣಿಗೆ ಉಳಿದ ದಿನಗಳ ಮಟ್ಟಿಗೆ ಒಂದು ಗಿನಿಪಿಗ್ಗನ್ನು ಎರವಲು ಕೊಡುವವರೂ ಅಲ್ಲಿದ್ದಾರೆ. ನಮ್ಮಲ್ಲಿ ಕಾನೂನಿಲ್ಲ. ಮನೆಯಲ್ಲಿ ಇರುವ ಹಿರಿಯವನ ಮೌನವನ್ನು ನಾವೇ ಕೇಳಿಸಿಕೊಳ್ಳಬೇಕು.

ಎಳ್ಳುವಿಗೆ ಈಗ ಎಂಟು ತಿಂಗಳು. ಹೋದ ಭಾನುವಾರ 960 ಗ್ರಾಂ ಇದ್ದ, ರಾಗಿ 1075. ಕಟಕಟ ಕೇಳಿ ಆರು ವಾರವಾಯಿತು. ನೆಂಟರು ಬಂದಾಗ ಗೂಡಿನ ಎರಡು ತುದಿಗಳಲ್ಲಿ ಎರಡು ಬಾಟಲಿ ನೇತಾಡುವುದನ್ನು ನೋಡಿ, ಇಬ್ಬರೂ ಇಷ್ಟು ಚೆನ್ನಾಗಿದ್ದಾರಲ್ಲ, ಒಂದು ಸಾಲದೇ ಎಂದು ಕೇಳುತ್ತಾರೆ. ಮೊಮ್ಮಗಳು ಎರಡಕ್ಕೂ ನೀರು ತುಂಬಿಸಿಯೇ ಶಾಲೆಗೆ ಹೋಗುತ್ತಾಳೆ.